'ಬಾಯ್ಕಾಟ್': ಐರ್ಲೆಂಡಿನಲ್ಲಿ ಹುಟ್ಟಿದ ಪದ
'ಬಾಯ್ಕಾಟ್' ಎಂದರೆ ಬಹಿಷ್ಕರಿಸು, ವ್ಯವಹಾರ ನಿಲ್ಲಿಸು. ಮೂಲದಲ್ಲಿ ಇದೊಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಜಮೀನ್ದಾರನೊಬ್ಬನ ಏಜೆಂಟ್. 1880ರಲ್ಲಿ ಗೇಣಿ ಇಳಿಸಿ ಅಂದ ಒಕ್ಕಲುಗಳನ್ನು ಎಬ್ಬಿಸಲು ಹೊರಟ. ಊರವರು ಕೈ ಎತ್ತಲಿಲ್ಲ. ಕೂಲಿಗೆ ಹೋಗಲಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ಬೆಳೆ ತೆಗೆಯಲು ಹೊರಗಿನಿಂದ 50 ಜನ, ಅವರ ಕಾವಲಿಗೆ ಸೈನ್ಯ! ಲೆಕ್ಕ ನೋಡಿ: ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡ್ ಖರ್ಚೆಂದು ಅಂದಾಜು. ವರ್ಷ ಮುಗಿಯುವ ಮೊದಲೇ ಆತ ಊರು ಬಿಟ್ಟ. ಇದನ್ನು ನೋಡಿ ಬೇರೆಯವರೂ ಹಿಂಜರಿಯಲಿ ಎಂಬುದೇ ಉದ್ದೇಶ.

ಬಳಕೆಯಲ್ಲಿ ಒಂದು ಎಚ್ಚರ. ಕ್ಯಾಂಟೀನ್ ಊಟ ಬೇಡ ಅಂದರೆ ಬಾಯ್ಕಾಟ್, ಕೆಲಸಕ್ಕೇ ಹೋಗದಿದ್ದರೆ ಸ್ಟ್ರೈಕ್. ಸೌದಿ, ಯುಎಇಗಳಲ್ಲಿ ಮುಷ್ಕರಕ್ಕೆ ಅವಕಾಶವಿಲ್ಲ. ಇಂಗ್ಲಿಷಿನಲ್ಲಿ ಬರೆದ ದೂರಿಗೆ ಸಹಿ ಹಾಕುವ ಮೊದಲು ಅದರಲ್ಲಿ ಯಾವ ಪದ ಇದೆ ಅಂತ ಓದಿಸಿಕೊಳ್ಳಿ.