ಟೊಮ್ಯಾಟೊ ದುಂಡಾಣು ಸೊರಗು ರೋಗ: ರೋಗಕಾರಕ ಶಕ್ತಿಯಲ್ಲಿ ಪ್ಲಾಸ್ಮಿಡ್‌ಗಳ ಪಾತ್ರ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಹಾಗೂ ಚಿಕ್ಕಬಳ್ಳಾಪುರ ತಾಲ್ಲೂಕುಗಳ ರೈತ ಬಾಂಧವರೇ, ಟೊಮ್ಯಾಟೊ ಗಿಡವು ಎಲೆ ಹಳದಿಯಾಗದೆ, ಹಸಿರಾಗಿರುವಾಗಲೇ ಹಠಾತ್ತನೆ ಬಾಡಿದರೆ ದುಂಡಾಣು ಸೊರಗು ರೋಗವೆಂದು ಶಂಕಿಸಬೇಕು. ಇದಕ್ಕೆ ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಗುಂಪಿನ, ಮಣ್ಣಿನಲ್ಲಿ ವಾಸಿಸುವ ದುಂಡಾಣು ಕಾರಣ.

ಪ್ಲಾಸ್ಮಿಡ್ ಎಂದರೇನು?

ದುಂಡಾಣುವಿನ ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾಗಿದ್ದು, ಸ್ವತಂತ್ರವಾಗಿ ದ್ವಿಗುಣಗೊಳ್ಳುವ, ಸಾಮಾನ್ಯವಾಗಿ ಉಂಗುರಾಕಾರದ ಡಿಎನ್‌ಎಯೇ ಪ್ಲಾಸ್ಮಿಡ್. ಹಲವು ಪ್ಲಾಸ್ಮಿಡ್‌ಗಳು ಒಂದು ದುಂಡಾಣುವಿನಿಂದ ಮತ್ತೊಂದಕ್ಕೆ ವರ್ಗಾವಣೆಯಾಗಬಲ್ಲವು.

ರೋಗದಲ್ಲಿ ಇವುಗಳ ಪಾತ್ರ

* ಸೊರಗು ರೋಗ: 2002ರಲ್ಲಿ ಈ ದುಂಡಾಣುವಿನ ಒಂದು ತಳಿಯ ಸಂಪೂರ್ಣ ವಂಶವಾಹಿ ವಿವರ ಪ್ರಕಟವಾಯಿತು. ಸುಮಾರು 58 ಲಕ್ಷ ಡಿಎನ್‌ಎ ಅಕ್ಷರಗಳಲ್ಲಿ 21 ಲಕ್ಷ ಒಂದು ಬೃಹತ್ ಪ್ಲಾಸ್ಮಿಡ್‌ನಲ್ಲಿವೆ. ಸಸ್ಯಕೋಶದೊಳಗೆ ರೋಗಕಾರಕ ಪ್ರೋಟೀನ್‌ಗಳನ್ನು ಸೇರಿಸುವ ವ್ಯವಸ್ಥೆಯ ವಂಶವಾಹಿಗಳು ಹಾಗೂ ನೀರಿನ ನಾಳಗಳನ್ನು ಮುಚ್ಚುವ ಲೋಳೆಯನ್ನು ಉತ್ಪಾದಿಸುವ ವಂಶವಾಹಿಗಳು ಇದರಲ್ಲಿಯೇ ಇವೆ.
* ಗುಲಾಬಿ, ದ್ರಾಕ್ಷಿಯ ಬುಡಗಂಟು ರೋಗ: ಅಗ್ರೋಬ್ಯಾಕ್ಟೀರಿಯಮ್ ತನ್ನ ಟಿಐ ಪ್ಲಾಸ್ಮಿಡ್‌ನ ತುಣುಕನ್ನು ಸಸ್ಯದ ವರ್ಣತಂತುವಿಗೆ ಸೇರಿಸುತ್ತದೆ. ಆ ಪ್ಲಾಸ್ಮಿಡ್ ಕಳೆದುಕೊಂಡ ದುಂಡಾಣು ಗಂಟು ಉಂಟುಮಾಡಲಾರದು.
* ಟೊಮ್ಯಾಟೊ ದುಂಡಾಣು ಎಲೆಚುಕ್ಕೆ ರೋಗ: ಕ್ಸಾಂಥೋಮೊನಾಸ್‌ನ ಕೆಲವು ತಳಿಗಳಲ್ಲಿ ತಾಮ್ರವನ್ನು ತಾಳಿಕೊಳ್ಳುವ ಗುಣ ಪ್ಲಾಸ್ಮಿಡ್ ಮೂಲಕ ಹರಡುತ್ತದೆ. ಆದ್ದರಿಂದ ತಾಮ್ರಯುಕ್ತ ಔಷಧವನ್ನು ಅನಗತ್ಯವಾಗಿ ಪದೇ ಪದೇ ಸಿಂಪಡಿಸಬಾರದು.

ರೋಗ ಪತ್ತೆ

ಬಾಡಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆಗಳು ಇಳಿದರೆ ಇದು ದುಂಡಾಣು ಸೊರಗು ರೋಗ. ಶಿಲೀಂಧ್ರದಿಂದ ಬರುವ ಸೊರಗು ರೋಗದಲ್ಲಿ ಹೀಗಾಗುವುದಿಲ್ಲ.

ನಿರ್ವಹಣಾ ಕ್ರಮಗಳು

ದುಂಡಾಣು ನಾಳದೊಳಗೆ ಇರುವುದರಿಂದ ಎಲೆಗಳ ಮೇಲಿನ ಸಿಂಪಡಣೆಯಿಂದ ಬಾಡಿದ ಗಿಡ ಚೇತರಿಸಿಕೊಳ್ಳುವುದಿಲ್ಲ. ಆ ವೆಚ್ಚವನ್ನು ಉಳಿಸಿ, ಮುಂಜಾಗ್ರತೆ ವಹಿಸಿರಿ.

1. ರೋಗ ನಿರೋಧಕ ಅರ್ಕಾ ರಕ್ಷಕ್ ತಳಿಯನ್ನು ಅಥವಾ ನಿರೋಧಕ ಬದನೆ ಬೇರುಕಾಂಡಕ್ಕೆ ಕಸಿ ಮಾಡಿದ ಸಸಿಗಳನ್ನು ಬಳಸಿರಿ.
2. ಟೊಮ್ಯಾಟೊ ನಂತರ ಬದನೆ, ಆಲೂಗಡ್ಡೆ, ಮೆಣಸಿನಕಾಯಿ, ದಪ್ಪಮೆಣಸಿನಕಾಯಿ ಬೆಳೆಯದೆ ರಾಗಿ ಅಥವಾ ಮುಸುಕಿನ ಜೋಳದೊಂದಿಗೆ ಬೆಳೆ ಪರಿವರ್ತನೆ ಮಾಡಿರಿ.
3. ರೋಗಪೀಡಿತ ಗಿಡವನ್ನು ಬೇರು ಸಹಿತ ಕಿತ್ತು ಸುಡಿರಿ, ಕಾಲುವೆಗೆ ಎಸೆಯದಿರಿ.
4. ರೋಗವಿರುವ ತಾಕಿನಿಂದ ನೀರು ಪಕ್ಕದ ತಾಕಿಗೆ ಹರಿಯದಂತೆ ತಡೆಯಿರಿ, ಉಪಕರಣಗಳನ್ನು ಶುಚಿಗೊಳಿಸಿರಿ.
5. ಬೇರುಗಂಟು ಜಂತುಹುಳುವನ್ನು ಹತೋಟಿಯಲ್ಲಿಡಿರಿ. ಅದು ಮಾಡುವ ಗಾಯಗಳೇ ದುಂಡಾಣುವಿಗೆ ಪ್ರವೇಶದ್ವಾರ.

ರೋಗದ ಬಗ್ಗೆ ಸಂದೇಹವಿದ್ದಲ್ಲಿ, ಔಷಧ ಖರೀದಿಸುವ ಮುನ್ನ ಬೇರು ಸಹಿತ ಗಿಡದ ಮಾದರಿಯೊಂದಿಗೆ ಚಿಂತಾಮಣಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.