ಹಳೆಯ ಸ್ಪೋರ್ಟ್ಸ್ ಸಲೂನ್ ಕೊಳ್ಳಬೇಕೇ? ದೇವಿಕೊಪ್ಪದ ಹಾದಿಯಲ್ಲಿ ನಿಂತು ಒಂದು ಲೆಕ್ಕಾಚಾರ

ನಾಲ್ಕು ಬಾಗಿಲು, ಐದು ಆಸನ, ಹಿಂದೆ ಸಾಮಾನಿಗೆ ಧಾರಾಳ ಜಾಗ. ಹೊರನೋಟಕ್ಕೆ ಸಾಮಾನ್ಯ ಕುಟುಂಬದ ಕಾರು. ಆದರೆ ಒಳಗಿನ ಎಂಜಿನ್, ಬ್ರೇಕು, ಸಸ್ಪೆನ್ಷನ್‌ಗಳೆಲ್ಲ ವೇಗಕ್ಕಾಗಿಯೇ ರೂಪುಗೊಂಡವು. ಇಂಥ ವಾಹನವನ್ನು ಸ್ಪೋರ್ಟ್ಸ್ ಸಲೂನ್ ಎನ್ನುತ್ತಾರೆ. ಹೊಸದಾಗಿ ಕೊಳ್ಳಲು ಹೊರಟರೆ ಬೆಲೆ ಕೈಗೆಟುಕದು. ಐದಾರು ವರ್ಷ ಓಡಿದ ಮೇಲೆ ಅದೇ ಕಾರು ಹೊಸ ಮಧ್ಯಮ ದರ್ಜೆಯ ಕಾರಿನ ಬೆಲೆಗೆ ಸಿಗುತ್ತದೆ. ಆಸೆ ಹುಟ್ಟುವುದು ಇಲ್ಲಿಯೇ, ತೊಡಕು ಆರಂಭವಾಗುವುದೂ ಇಲ್ಲಿಯೇ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಊರಿನಲ್ಲಿ ಮನೆಯಿದ್ದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಉದ್ಯೋಗದಲ್ಲಿರುವ ಯುವಕರು ಇಂದು ಅನೇಕರಿದ್ದಾರೆ. ಬೆಂಗಳೂರಿನಲ್ಲಿ ಕಂಡು ಮೆಚ್ಚಿದ ಕಾರನ್ನು ಊರಿನ ಅಂಗಳದಲ್ಲಿ ನಿಲ್ಲಿಸಬೇಕೆಂಬ ಹಂಬಲ ತಪ್ಪಲ್ಲ. ಆದರೆ ಬೆಂಗಳೂರಿನಲ್ಲಿರುವವನಿಗೆ ಒಪ್ಪುವ ನಿರ್ಧಾರ ಅಲ್ಲಿಂದ ಸುಮಾರು 400 ಕಿ.ಮೀ. ದೂರದಲ್ಲಿರುವವನಿಗೂ ಒಪ್ಪುತ್ತದೆ ಎನ್ನಲಾಗದು. ಹೂಡುವ ಹಣ ಹದಿನೈದು, ಇಪ್ಪತ್ತು ಲಕ್ಷ ರೂಪಾಯಿ. ಇದು ಒಂದು ಕುಟುಂಬ ಹಲವು ವರ್ಷ ಉಳಿಸಿದ ಗಂಟು ಎಂಬುದು ನೆನಪಿರಲಿ.

ಯಾವ ಕಾರುಗಳು?

ಭಾರತದ ಮಟ್ಟಿಗೆ ಈ ಕಥೆಯ ಮೊದಲ ಅಧ್ಯಾಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಸಲ್ಲಬೇಕು. 2004ರಲ್ಲಿ ಬಂದ ಈ ಕಾರಿನಲ್ಲಿದ್ದದ್ದು 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ ಮತ್ತು ಐದು ಗೇರಿನ ಮ್ಯಾನ್ಯುವಲ್. ಡೀಸೆಲ್ ಮತ್ತು ಮೈಲೇಜನ್ನೇ ಜಪಿಸುತ್ತಿದ್ದ ಕಾಲದಲ್ಲಿ ಅದು ಹೊಸ ಗಾಳಿಯಾಗಿತ್ತು. 2017ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್‌ಗೆ 2 ಲೀಟರ್ ಎಂಜಿನ್, 230 ಅಶ್ವಶಕ್ತಿ. ಷೋರೂಂ ಬೆಲೆ 25 ಲಕ್ಷ ರೂಪಾಯಿಯ ಆಸುಪಾಸು. 2020ರಲ್ಲಿ 245 ಅಶ್ವಶಕ್ತಿಯ ಆರ್‌ಎಸ್ 245 ಬಂತು. ಬೆಲೆ 35.99 ಲಕ್ಷ, ದೇಶಕ್ಕೆ ಬಂದದ್ದು ಕೇವಲ 200 ಕಾರು. 2025ರ ಅಕ್ಟೋಬರ್‌ನಲ್ಲಿ ಇದೇ ಹೆಸರು ಮರಳಿದಾಗ ತಂದದ್ದು 100 ಕಾರು ಮಾತ್ರ, ಬೆಲೆ 49.99 ಲಕ್ಷ.

ಇನ್ನೂ ಮೇಲಿನ ಮೆಟ್ಟಿಲಿನಲ್ಲಿ ಬಿಎಂಡಬ್ಲ್ಯು ಎಂ340ಐ ಇದೆ. 2021ರ ಮಾರ್ಚ್‌ನಲ್ಲಿ 62.90 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂದ ಈ ಕಾರು ಚೆನ್ನೈನಲ್ಲಿಯೇ ಜೋಡಣೆಯಾಗುತ್ತದೆ. 3 ಲೀಟರಿನ ಆರು ಸಿಲಿಂಡರ್ ಎಂಜಿನ್, 387 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 4.4 ಸೆಕೆಂಡು. ಇದಕ್ಕೂ ಮೇಲಿನವನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು.

ಕಡಿಮೆ ಸಂಖ್ಯೆಯಲ್ಲಿ ಬಂದ ಕಾರಿಗೆ ಎರಡು ಮುಖ. ಬೇಡಿಕೆ ಇರುವುದರಿಂದ ಬೆಲೆ ಬೇಗ ಇಳಿಯದು, ಮತ್ತೆ ಮಾರುವಾಗ ಕೈ ಸುಡುವುದಿಲ್ಲ. ಆದರೆ ಆ ಮಾದರಿಗೇ ಮೀಸಲಾದ ಬಂಪರ್, ದೀಪ, ಗಾಲಿಗಳು ಒಡೆದರೆ ಬಿಡಿಭಾಗ ಹೊರದೇಶದಿಂದ ಬರುವವರೆಗೆ ಕಾರು ಗ್ಯಾರೇಜಿನಲ್ಲಿ ಕೂರಬೇಕಾದೀತು.

ರಸ್ತೆ ಏನು ಹೇಳುತ್ತದೆ?

ದೇವಿಕೊಪ್ಪದವರು ಹುಬ್ಬಳ್ಳಿಗೆ ಹೋಗಲಿ, ಯಲ್ಲಾಪುರದ ಕಡೆಗೆ ಇಳಿಯಲಿ, ಅವಲಂಬಿಸಬೇಕಾದದ್ದು ರಾಷ್ಟ್ರೀಯ ಹೆದ್ದಾರಿ 52ನ್ನು. ಹಳಬರ ಬಾಯಲ್ಲಿ ಇದು ಇನ್ನೂ ಹೆದ್ದಾರಿ 63. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ದಾಟಿ ಅಂಕೋಲಾ ಸೇರುವ ಈ ದಾರಿಯಲ್ಲಿ ಅದಿರು, ಸರಕಿನ ಲಾರಿಗಳ ಭಾರ ದಶಕಗಳಿಂದ ಇದ್ದದ್ದೇ. ಕಲಘಟಗಿ ಅರೆಮಲೆನಾಡು. ಭತ್ತ ಬೆಳೆಯುವಷ್ಟು ಮಳೆ ಬೀಳುವ ನೆಲ. ಮಳೆಗಾಲ ಮುಗಿಯುವ ಹೊತ್ತಿಗೆ ಡಾಂಬರಿನ ಸ್ಥಿತಿ ಏನಾಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಊರೊಳಗಿನ ಎತ್ತರದ ಉಬ್ಬುಗಳು ಬೇರೆ.

ಇಲ್ಲಿ ಟೈರಿನ ಅಳತೆಯನ್ನು ಓದಲು ಬರಬೇಕು. 225/45 ಆರ್17 ಎಂದರೆ ಟೈರಿನ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 45, ಅಂದರೆ ಸುಮಾರು 101 ಮಿ.ಮೀ. 18 ಇಂಚಿನ ಗಾಲಿಗೆ 225/40 ಟೈರು ಹಾಕಿದರೆ ಈ ಎತ್ತರ 90 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಯ ಅಂಚಿಗೂ ಅಲ್ಯೂಮಿನಿಯಂ ಗಾಲಿಗೂ ನಡುವೆ ಇರುವ ರಕ್ಷಣೆ ಅಷ್ಟೇ. ಒಂದು ಹೊಡೆತಕ್ಕೆ ಟೈರಿನ ಪಕ್ಕ ಉಬ್ಬಿದರೆ ಅದನ್ನು ತೇಪೆ ಹಾಕಿ ಓಡಿಸಲಾಗದು, ಬದಲಿಸಲೇಬೇಕು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಕಾರಿನಲ್ಲಿ ಒಂದು ಟೈರು ಹೊಸದು, ಮೂರು ಸವೆದವು ಎಂದಿರಕೂಡದು. ಸುತ್ತಳತೆ ಬೇರೆಯಾದರೆ ಪ್ರಸರಣ ವ್ಯವಸ್ಥೆಗೇ ಪೆಟ್ಟು.

ವೇಗದ ಮಾತೂ ಬರಲಿ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಂತೆ ಕಾರುಗಳ ಗರಿಷ್ಠ ವೇಗಮಿತಿ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 120, ವಿಭಜಿತ ಚತುಷ್ಪಥದಲ್ಲಿ 100, ಉಳಿದ ರಸ್ತೆಗಳಲ್ಲಿ 70 ಕಿ.ಮೀ. 250 ಕಿ.ಮೀ. ವೇಗದ ಕಾರಿಗೆ ಕಲಘಟಗಿ ಹಾದಿಯಲ್ಲಿ ಸಿಗುವುದು ಆ 70ರ ಭಾಗ್ಯ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ದೀಪವಿಲ್ಲದ ಟ್ರೈಲರ್, ದಾಟುವ ದನ. ಈ ಕಾರುಗಳ ಅಪಾಯ ಅವು ಕೆಟ್ಟವೆಂಬುದರಲ್ಲಿಲ್ಲ. 120ರಲ್ಲಿಯೂ 60ರಂತೆ ನಿಶ್ಶಬ್ದವಾಗಿ ಸಾಗುವುದರಲ್ಲಿದೆ. ಕಿರಿಯರ ಕೈಗೆ ಕೀಲಿಕೈ ಹೋಗುವ ಮನೆಯಲ್ಲಿ ಇದೊಂದೇ ಕಾರಣಕ್ಕೆ ಬೇಡವೆಂದರೂ ಅದು ಸರಿಯಾದ ತೀರ್ಮಾನವೇ.

ಎಂಜಿನ್ ಮತ್ತು ಗೇರು

2004ರ ಪೀಳಿಗೆಯ ಆರ್‌ಎಸ್ ಎಂಜಿನ್‌ನಲ್ಲಿರುವುದು ಟೈಮಿಂಗ್ ಬೆಲ್ಟ್. ಅದು ತುಂಡಾದರೆ ಕವಾಟಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬೆಲ್ಟು ಬದಲಿಸಿದ ರಸೀದಿ ಇಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿದು ಬೆಲೆಯಲ್ಲಿ ಆ ಖರ್ಚನ್ನು ಕಳೆಯಬೇಕು. ನಂತರದ ಲಾರಾ ಕಾಲದ 1.8 ಟಿಎಸ್‌ಐ ಎಂಜಿನ್‌ಗಳಲ್ಲಿ ಎಣ್ಣೆ ಕುಡಿಯುವ ಚಟವೂ ಟೈಮಿಂಗ್ ಚೈನ್ ಬಿಗಿ ಮಾಡುವ ಭಾಗದ ದೌರ್ಬಲ್ಯವೂ ಪ್ರಸಿದ್ಧ. 2017ರ ನಂತರದವು ಈ ವಿಷಯದಲ್ಲಿ ಬಹಳ ಸುಧಾರಿಸಿವೆ. ಆದರೂ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಕವಚದಿಂದ ಕೂಲಂಟ್ ಸೋರುವುದುಂಟು.

ಡಿಎಸ್‌ಜಿ ಎಂಬ ಮೂರಕ್ಷರ ಕೇಳಿದೊಡನೆ ಕೆಲವರು ಹೌಹಾರುತ್ತಾರೆ. ವ್ಯತ್ಯಾಸ ತಿಳಿಯಬೇಕು. ಹೆಚ್ಚು ದೂರಿಗೆ ಗುರಿಯಾದದ್ದು ಸಾಮಾನ್ಯ ಆಕ್ಟೇವಿಯಾ ಮುಂತಾದವುಗಳಲ್ಲಿದ್ದ ಏಳು ಗೇರಿನ ಒಣ ಕ್ಲಚ್ಚಿನ ಪೆಟ್ಟಿಗೆ. 2017ರ ಆರ್‌ಎಸ್‌ನಲ್ಲಿರುವುದು ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನ ಆರು ಗೇರಿನ ಪೆಟ್ಟಿಗೆ. ಇದು ಗಟ್ಟಿ. ಆದರೆ ಪ್ರತಿ 60,000 ಕಿ.ಮೀ.ಗೆ ಅದರ ಎಣ್ಣೆ ಬದಲಾಗಲೇಬೇಕು. ಆ ದಾಖಲೆ ಕೇಳಿದಾಗ ಮಾರುವವನು ನಕ್ಕರೆ ಮುಂದಿನ ಮಾತು ಬೇಡ.

ಈ ವರ್ಗದ ಕಾರಿಗೇ ವಿಶಿಷ್ಟವಾದ ರೋಗವೊಂದಿದೆ, ರೀಮ್ಯಾಪ್. ಎಂಜಿನ್‌ನ ಗಣಕಕ್ಕೆ ಬೇರೆ ತಂತ್ರಾಂಶ ತುಂಬಿ ಶಕ್ತಿ ಹೆಚ್ಚಿಸುವುದು ಇದರ ವಿಧಾನ. ಮಾರುವ ಮುನ್ನ ಮೂಲ ತಂತ್ರಾಂಶವನ್ನು ಮರಳಿ ತುಂಬಿ ಏನೂ ಆಗಿಲ್ಲವೆಂಬಂತೆ ನಿಲ್ಲಿಸುವವರಿದ್ದಾರೆ. ತಯಾರಕರ ಅಧಿಕೃತ ಕಾರ್ಯಾಗಾರದ ಯಂತ್ರಕ್ಕೆ ಜೋಡಿಸಿದರೆ ಇಂಥ ಕೈಚಳಕದ ಗುರುತು ಸಿಗುವ ಸಂಭವ ಹೆಚ್ಚು. ವಾರಂಟಿ ಹೋಗುವುದಂತೂ ಖಚಿತ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪೆನಿ ಪರಿಹಾರ ನಿರಾಕರಿಸಿದರೆ ವಾದಿಸುವುದು ಕಷ್ಟ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿಡಬೇಕು. ಬಿಸಿ ಎಂಜಿನ್ ಅನೇಕ ಸದ್ದುಗಳನ್ನು ಮುಚ್ಚಿಡುತ್ತದೆ. ನೆರೆ ನೀರಿನಲ್ಲಿ ಮುಳುಗಿದ ಕಾರುಗಳ ಬಗೆಗೂ ಎಚ್ಚರ ಬೇಕು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಬಡಾವಣೆಗಳು ಜಲಾವೃತವಾದಾಗ ಮುಳುಗಿದ್ದು ಬಡವರ ವಾಹನ ಮಾತ್ರವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ, ಆಸನದ ಕೆಳಗಿನ ಹಳಿ ತುಕ್ಕು ಹಿಡಿದಿದೆಯೇ ಎಂದು ನೋಡುವುದಕ್ಕೆ ಯಾವ ಯಂತ್ರವೂ ಬೇಡ.

ಪೆಟ್ರೋಲಿನ ಪ್ರಶ್ನೆ ಹೊಸದು. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಇಂಧನ ಈಗ ದೇಶದ ಬಂಕುಗಳಲ್ಲಿ ಸಾಮಾನ್ಯ. ಇ20ಕ್ಕೆ ಹೊಂದುವ ಕಾರುಗಳು ವ್ಯಾಪಕವಾಗಿ ಬಂದದ್ದು 2023ರ ಏಪ್ರಿಲ್ ನಂತರ. 2017ರ ಆರ್‌ಎಸ್ ಅದಕ್ಕೂ ಹಿಂದಿನದು. ಹಳೆಯ ವಾಹನಗಳಲ್ಲಿ ಮೈಲೇಜು ತುಸು ಇಳಿಯುವುದನ್ನು 2025ರಲ್ಲಿ ಸರ್ಕಾರವೂ ಒಪ್ಪಿದೆ. ಹೆಚ್ಚು ಒತ್ತಡದ ಟರ್ಬೊ ಎಂಜಿನ್‌ಗೆ 95 ಆಕ್ಟೇನ್ ಅಥವಾ ಮೇಲಿನ ಇಂಧನ ಬೇಕು. ಅದು ದಿನನಿತ್ಯದ ದಾರಿಯ ಬಂಕಿನಲ್ಲಿ ಸಿಗುತ್ತದೆಯೇ ಎಂದು ಕಾರು ಕೊಳ್ಳುವ ಮೊದಲೇ ವಿಚಾರಿಸಬೇಕು, ನಂತರವಲ್ಲ.

ತೆರಿಗೆಯ ಗಂಟು

ಉತ್ತರ ಕರ್ನಾಟಕದವರಿಗೆ ಗೋವಾ, ಕೊಲ್ಹಾಪುರ, ಪುಣೆ ಹತ್ತಿರ. ಅಲ್ಲಿ ಅಗ್ಗವಾಗಿ ಕಂಡ ಕಾರು ಇಲ್ಲಿಗೆ ಬರುವ ಹೊತ್ತಿಗೆ ಅಗ್ಗವಾಗಿ ಉಳಿಯುವುದು ಅಪರೂಪ. ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೇಲ್ಪಟ್ಟ ಕಾರಿನ ಜೀವಿತಾವಧಿ ತೆರಿಗೆ ಶೇ 18, ಮೇಲೆ ಉಪಕರ. ಹೊರ ರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕ ರಿಯಾಯಿತಿ ಉಂಟು. ಆದರೆ ಲೆಕ್ಕ ಆರಂಭವಾಗುವುದು ಕಾರಿನ ಮೂಲ ಬೆಲೆಯಿಂದ, ಕೊಂಡವರು ಕೊಟ್ಟ ಬೆಲೆಯಿಂದಲ್ಲ. 35.99 ಲಕ್ಷದ ಆರ್‌ಎಸ್ 245ಕ್ಕೆ ಹೊಸದಾಗಿದ್ದಾಗ ಉಪಕರ ಬಿಟ್ಟೇ ತೆರಿಗೆ ಆರೂವರೆ ಲಕ್ಷ ರೂಪಾಯಿಯಷ್ಟು. ಕರ್ನಾಟಕದಲ್ಲಿಯೇ ನೋಂದಣಿಯಾದ ಕಾರು ಕೊಂಡರೆ ಈ ಭಾರವನ್ನು ಮೊದಲ ಮಾಲೀಕ ಹೊತ್ತು ಮುಗಿಸಿರುತ್ತಾನೆ. ಕೆಎ-25, ಕೆಎ-63 ಅಥವಾ ಬೆಂಗಳೂರಿನ ಫಲಕದ ಕಾರಿಗೆ ಲಕ್ಷ, ಎರಡು ಲಕ್ಷ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎನ್ನುವುದು ಇದಕ್ಕಾಗಿ.

ಫಲಕ ಬದಲಿಸದೆ ಓಡಿಸಿದರಾಯಿತು ಎನ್ನುವವರು 2025ರ ಬೆಂಗಳೂರನ್ನು ನೆನೆಯಬೇಕು. ಆ ವರ್ಷದ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಹೊರರಾಜ್ಯದ ನೋಂದಣಿಯ ಸುಮಾರು 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರ ಮಾಲೀಕರಿಂದ ತೆರಿಗೆ ಮತ್ತು ದಂಡವಾಗಿ 1.41 ಕೋಟಿ ರೂಪಾಯಿ ವಸೂಲಾಯಿತು. ಕಾಯ್ದೆಯ 47ನೇ ಕಲಮಿನಂತೆ 12 ತಿಂಗಳಿಗೂ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿರುವ ವಾಹನಕ್ಕೆ ಮರುನೋಂದಣಿ ಕಡ್ಡಾಯ. ದೆಹಲಿಯ ಅಗ್ಗದ ಕಾರುಗಳ ಗುಟ್ಟೂ ಬೇರೆಯಲ್ಲ. ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ಮೀರಿದ ಪೆಟ್ರೋಲ್ ಕಾರುಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಸಮರ್ಥಿಸಿದ ಮೇಲೆ ಅಲ್ಲಿನ ಹಳೆಯ ವಾಹನಗಳು ದಕ್ಷಿಣದ ಕಡೆಗೆ ಹರಿದವು.

2004ರ ಆರ್‌ಎಸ್ ಬಯಸುವವರು ಇನ್ನೊಂದನ್ನು ಗಮನಿಸಬೇಕು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರಲ್ಲಿ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಎಂದಾಯಿತು.

ಪರ್ಯಾಯ

ಇಷ್ಟೆಲ್ಲ ಬೇಕೇ ಎಂಬ ಪ್ರಶ್ನೆ ಸಹಜ. 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮತ್ತು ಸ್ಕೋಡಾ ಸ್ಲಾವಿಯಾ 1.5ರ ಶಕ್ತಿ 150 ಅಶ್ವಶಕ್ತಿ. ಅಂದು ದಂತಕಥೆಯಾದ ಮೊದಲ ಆರ್‌ಎಸ್‌ನದೂ ಅಷ್ಟೇ. ನೆಲದಿಂದ ಎತ್ತರ 179 ಮಿ.ಮೀ. ಇರುವುದರಿಂದ ಊರ ಉಬ್ಬುಗಳಲ್ಲಿ ಹೊಟ್ಟೆ ತಾಗದು. ವಾರಂಟಿ ಉಳಿದಿರುವ ಎರಡು ಮೂರು ವರ್ಷದ ಕಾರು ಸಿಕ್ಕರೆ ಕಲಘಟಗಿ ಹಾದಿಗೆ ಇದೇ ಜಾಣ ಆಯ್ಕೆ. ಹುಬ್ಬಳ್ಳಿಯಲ್ಲಿಯೇ ನಂಬುಗೆಯ ಕಾರ್ಯಾಗಾರವಿದ್ದು, ಮನೆಯಲ್ಲಿ ಇನ್ನೊಂದು ವಾಹನವೂ ಇದ್ದು, ಕೊಂಡ ಬೆಲೆಯ ಹತ್ತರಲ್ಲೊಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದೇ ಬದಿಗಿಡಬಲ್ಲವರು ಮಾತ್ರ 230 ಅಶ್ವಶಕ್ತಿಯ ಕಡೆಗೆ ಕಣ್ಣು ಹಾಯಿಸಬಹುದು. ಎಂ340ಐ ಆದರೆ ಆ ಹತ್ತರಲ್ಲೊಂದೂ ಸಾಲದು.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಸೆಸ್ ರದ್ದಾಗಿ ಜಿಎಸ್‌ಟಿ ಶೇ 40ಕ್ಕೆ ನಿಂತದ್ದರಿಂದ ಹೊಸ ಕಾರುಗಳ ಬೆಲೆ ಇಳಿದಿದೆ. ಅದಕ್ಕೂ ಹಿಂದಿನ ದರಪಟ್ಟಿ ತೋರಿಸಿ ಬೆಲೆ ಕೇಳುವವರ ಜೊತೆ ಚೌಕಾಸಿಗೆ ಇದು ಒಳ್ಳೆಯ ಆಧಾರ.

ಒಪ್ಪಂದ ಕುದುರಿದ ಮೇಲೆ 29 ಮತ್ತು 30ನೇ ನಮೂನೆಗಳಿಗೆ ಸಹಿಯಾಗಬೇಕು. ಸಾಲವಿದ್ದ ಕಾರಾದರೆ ಬ್ಯಾಂಕಿನ 35ನೇ ನಮೂನೆ, ಹೊರರಾಜ್ಯದ್ದಾದರೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಕೊಂಡವರು 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನು 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನೊಂದಿಗೇ ಹೋಗುತ್ತದೆ, ಕಾರಿನೊಂದಿಗೆ ಬರುವುದಿಲ್ಲ. ಬಾಕಿ ಉಳಿದ ಸಂಚಾರ ದಂಡಗಳು ಮಾತ್ರ ವಾಹನದ ಸಂಖ್ಯೆಗೇ ಅಂಟಿಕೊಂಡು ಬರುತ್ತವೆ. ಪರಿವಾಹನ್ ತಾಣದಲ್ಲಿ ಸಂಖ್ಯೆ ಹಾಕಿ ನೋಡಿದ ಮೇಲೆಯೇ ಮುಂಗಡ ಕೊಡಬೇಕು.