ತೈಲಬಾವಿಗಳ ಜಲತಡೆ ಜೆಲ್

ಕಚ್ಚಾ ತೈಲದ ಜೊತೆ ಬಾವಿಗೆ ನುಗ್ಗುವ ಬೇಡದ ನೀರನ್ನು ಶಿಲೆಯೊಳಗೇ ತಡೆಯಲು ಬಳಸುವ ಲೋಳೆಯಂಥ ಪಾಲಿಮರ್ ವಸ್ತು. ನಿಕ್ಷೇಪ ಹಳೆಯದಾದಂತೆ ಅಡಿಯ ನೀರು ಮೇಲೇರುತ್ತದೆ. ತೈಲವನ್ನು ತಳ್ಳಲೆಂದೇ ಒಳಗೆ ಹಾಯಿಸಿದ ನೀರೂ ಬಿರುಕು ಹಿಡಿದು ನೇರ ಬಾವಿ ಸೇರುತ್ತದೆ, ಸಣ್ಣ ರಂಧ್ರಗಳಲ್ಲಿನ ತೈಲ ಅಲ್ಲೇ ಉಳಿಯುತ್ತದೆ. ಈ ಉಪ್ಪುನೀರನ್ನು ಎತ್ತಿ, ಬೇರ್ಪಡಿಸಿ, ವಿಲೇವಾರಿ ಮಾಡುವ ಖರ್ಚು ಏರಿದಾಗ, ತೈಲವಿದ್ದರೂ ಬಾವಿಯನ್ನು ಮುಚ್ಚಬೇಕಾಗುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಪಾಲಿಅಕ್ರಿಲಮೈಡ್ ಜೆಲ್. ಪಾಲಿಮರನ್ನು ನೀರಿನಲ್ಲಿ ಕರಗಿಸಿ, ಕ್ರೋಮಿಯಂ ಅಸಿಟೇಟ್ ಬೆರೆಸಿ ಒಳಗೆ ಪಂಪು ಮಾಡುತ್ತಾರೆ. ಇಳಿಯುವಾಗ ಅದು ದ್ರವ. ಗಂಟೆಗಳು ಅಥವಾ ದಿನಗಳು ಕಳೆಯುವಷ್ಟರಲ್ಲಿ ಕ್ರೋಮಿಯಂ ಪಾಲಿಮರ್ ಎಳೆಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿಯಾಗಿಸುತ್ತದೆ. ಅಮೆರಿಕದ ಮ್ಯಾರಥಾನ್ ಆಯಿಲ್ ಕಂಪನಿಯ ರಾಬರ್ಟ್ ಸಿಡಾನ್ಸ್ಕ್ 1980ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದರು. ಬಿಸಿ ಹೆಚ್ಚಿರುವ ಆಳದಲ್ಲಿ ಕ್ರೋಮಿಯಂ ಬದಲು ಫಿನಾಲ್, ಫಾರ್ಮಾಲ್ಡಿಹೈಡ್‌ನಂಥ ಸಾವಯವ ವಸ್ತುಗಳನ್ನೂ ಬಳಸುವುದುಂಟು. ಜೆಲ್ ತೈಲದ ಹರಿವಿಗಿಂತ ನೀರಿನ ಹರಿವನ್ನು ಹೆಚ್ಚು ತಗ್ಗಿಸುತ್ತದೆ. ಇದೊಂದನ್ನೇ ನಂಬಿ ತೈಲವಿರುವ ಪದರಕ್ಕೂ ಜೆಲ್ ತುಂಬುವುದು ತಪ್ಪು. ತೈಲದ ದಾರಿಯೂ ಕಟ್ಟಿಕೊಳ್ಳಬಹುದು.

ಇಲ್ಲಿ ರಸಾಯನಕ್ಕಿಂತ ಮುಖ್ಯವಾದದ್ದು ನೀರು ಎಲ್ಲಿಂದ ಬರುತ್ತಿದೆ ಎಂಬ ಪತ್ತೆ. ಬಿರುಕಿನಲ್ಲಿ ಬರುವ ನೀರಿಗೆ ಜೆಲ್ ತಕ್ಕ ಮದ್ದು. ಬಿರುಕಿಲ್ಲದ ಶಿಲೆಯಲ್ಲಿ ತಳದಿಂದ ಶಂಕುವಿನಂತೆ ಏಳುವ ನೀರಿಗೆ ಅದು ನಾಟುವುದು ಅಪರೂಪ, ಏಕೆಂದರೆ ನೀರು ತಡೆಯನ್ನು ಸುತ್ತಿಕೊಂಡು ಮತ್ತೆ ಬಾವಿಗೆ ಬರುತ್ತದೆ. ಆದ್ದರಿಂದ ನೀರಿನ ಜಾಡು ಹಿಡಿಯುವ ಟ್ರೇಸರ್ ಪರೀಕ್ಷೆ, ಬಾವಿಯ ಉಷ್ಣತೆಯ ದಾಖಲೆ ಇಲ್ಲದೆ ಜೆಲ್ ಇಳಿಸಬಾರದು.

ರಾಜಸ್ಥಾನದ ಬಾಡಮೇರ್ ಸೀಮೆಯಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ನಿಕ್ಷೇಪದಲ್ಲಿ ಇದೇ ಬಗೆಯ ಪಾಲಿಮರನ್ನು ಬೆಸೆಯದೆ, ತೈಲ ತಳ್ಳುವ ನೀರನ್ನು ಮಂದವಾಗಿಸಲು ಬಳಸುತ್ತಾರೆ.

ರಾಜಸ್ಥಾನದಲ್ಲಿರುವಂತೆ ಕರ್ನಾಟಕದ ಧಾರವಾಡ ಸೀಮೆಯಲ್ಲಿ ತೈಲಬಾವಿಗಳಿಲ್ಲ. ಇಲ್ಲಿನ ತಳದ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು, ಶಾಖ ಮತ್ತು ಒತ್ತಡದಿಂದ ರೂಪಾಂತರಗೊಂಡದ್ದು, ಹಾಗಾಗಿ ತೈಲಕ್ಕೆ ತಕ್ಕದ್ದಲ್ಲ. ಕರ್ನಾಟಕದ ನೆಲದಡಿಯ ತೈಲ ಹೊರಗಿನಿಂದ ತಂದು ತುಂಬಿದ್ದು: ತೈಲ ಸಂಗ್ರಹಿಸಲು ಕೊರೆದ ಮಂಗಳೂರಿನ ಶಿಲಾಕೋಶಗಳ ಸಾಮರ್ಥ್ಯ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್. ಬಾವಿಯಲ್ಲಿ ತೊಡಕಾಗುವ ನೀರೇ ಅಲ್ಲಿ ತೈಲಕ್ಕೆ ಕಾವಲು. ಸುತ್ತಲಿನ ಅಂತರ್ಜಲದ ಒತ್ತಡವನ್ನು ಒಳಗಿನ ಒತ್ತಡಕ್ಕಿಂತ ಹೆಚ್ಚಾಗಿ ಕಾಯ್ದುಕೊಂಡು ತೈಲ ಹೊರಗೆ ಸೋರದಂತೆ ತಡೆಯುತ್ತಾರೆ. ಒಳಕ್ಕೆ ಜಿನುಗಿದ ನೀರನ್ನು ತಳದ ಗುಂಡಿಯಿಂದ ಪಂಪು ಮಾಡಿ ಹೊರಹಾಕುತ್ತಾರೆ.